ಪಂಪ್ ನಿಂತ ಮೇಲೆ ಗಣಿಗೆ ಏನಾಗುತ್ತದೆ? ಕೋಲಾರದ ಚಿನ್ನ, ನೀರು ಮತ್ತು ಕುಸಿಯುವ ನೆಲ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಇಲ್ಲಿ ಬರಹದಲ್ಲಿ ಕೊಡ್ತಿದ್ದೀನಿ. ಆಫೀಸ್ ಕ್ಯಾಬ್‌ನಲ್ಲಿ ಕೂತು ಓದೋಕೆ ಇದೇ ಅನುಕೂಲ ಅಂತ ನಿಮ್ಮಲ್ಲಿ ಕೆಲವರು ಹೇಳಿದ್ರಿ. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟ ಒಂದೆರಡು ವಿಷಯವನ್ನೂ ಸೇರಿಸಿದ್ದೀನಿ.

ನಾನಿರುವುದು ಚೆನ್ನೈನ ಕೀಲ್ಪಾಕ್‌ನಲ್ಲಿ. ಓದಿದ್ದು ಸಿವಿಲ್, ಆಮೇಲೆ ಮಣ್ಣು-ಬಂಡೆಗಳ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡುತ್ತಿರುವುದು ಸಾಫ್ಟ್‌ವೇರ್ ಕೆಲಸ. ನಿಮ್ಮಲ್ಲಿ ಅರ್ಧ ಜನರ ಕಥೆಯೂ ಹೀಗೇ ಇರುತ್ತೆ, ಅದಕ್ಕೆ ಜಾಸ್ತಿ ವಿವರಿಸಲ್ಲ. ನಮ್ಮ ಏರಿಯಾದ ಕೆಳಗೆ 2017ರಿಂದಲೇ ಮೆಟ್ರೋ ಓಡ್ತಿದೆ, ಈಗ ಎರಡನೇ ಹಂತದ ಕೆಲಸ. ಸುರಂಗ ಕೊರೆಯುವ ಕಡೆ ಹಳೆ ಕಟ್ಟಡಗಳ ಗೋಡೆ ಬಿರುಕಿನ ಮೇಲೆ ಗೆರೆ ಎಳೆದ ಒಂದು ಪುಟ್ಟ ಪ್ಲಾಸ್ಟಿಕ್ ಪಟ್ಟಿ ಅಂಟಿಸುತ್ತಾರೆ. ಬಿರುಕು ಅಗಲವಾದರೆ ಪಟ್ಟಿಯ ಗೆರೆ ಸರಿಯುತ್ತದೆ. ಆಗಾಗ ಒಬ್ಬರು ಬಂದು ಓದಿ, ಬರೆದುಕೊಂಡು ಹೋಗುತ್ತಾರೆ. ನಮ್ಮ ಕಟ್ಟಡಕ್ಕೂ ಅಂಥದ್ದೊಂದು ಬಂತು. ಬಂದ ದಿನ ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ಆದ ಗಲಾಟೆ ಕೇಳಬೇಡಿ. 2017ರ ಏಪ್ರಿಲ್‌ನಲ್ಲಿ ಅಣ್ಣಾ ಸಾಲೈಯಲ್ಲಿ ಕೆಳಗೆ ಸುರಂಗದ ಕೆಲಸ ನಡೆಯುತ್ತಿದ್ದಾಗ ರಸ್ತೆ ಕುಸಿದು ಒಂದು ಬಸ್ಸು, ಒಂದು ಕಾರು ಗುಂಡಿಗೆ ಇಳಿದಿದ್ದವಲ್ಲ, ಆ ಫೋಟೋ ಮತ್ತೆ ಹತ್ತು ಸಲ ಫಾರ್ವರ್ಡ್ ಆಯ್ತು.

ಗಾಬರಿಯಾಗದೆ ಇದ್ದವರು ಒಬ್ಬರೇ. ನಮ್ಮ ಮಹಡಿಯಲ್ಲೇ ಇರುವ, ಎಪ್ಪತ್ತು ದಾಟಿದ ಅಂಕಲ್. ಮನೆಯಲ್ಲಿ ತಮಿಳು, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಹುಟ್ಟಿ ಬೆಳೆದಿದ್ದು ಕೆಜಿಎಫ್‌ನ ಮಾರಿಕುಪ್ಪಂನಲ್ಲಿ. ಅವರಪ್ಪ ಗಣಿಯಲ್ಲಿ ಕೆಲಸಕ್ಕಿದ್ದವರು.

"ಇದಕ್ಕೆಲ್ಲಾ ಹೆದರ್ತೀರಾ ತಂಬಿ?" ಅಂದರು. "ನಮ್ಮೂರಲ್ಲಿ ಏರ್ ಬ್ಲಾಸ್ಟ್ ಆದ್ರೆ ಶೆಲ್ಫಲ್ಲಿರೋ ಪಾತ್ರೆ ಎಲ್ಲಾ ಕೆಳಗೆ. ಅಮ್ಮ ಪಾತ್ರೆ ಎತ್ತೋಕೆ ಮುಂಚೆ, ಅಪ್ಪ ಇವತ್ತು ಯಾವ ಶಿಫ್ಟು ಅಂತ ಲೆಕ್ಕ ಹಾಕ್ತಿದ್ರು."

ಆಮೇಲೆ ಕಾಫಿ ಕುಡಿಯುತ್ತಾ ನಿಧಾನಕ್ಕೆ ಕೇಳಿದರು. ಅವರ ಮೊಮ್ಮಗ ಐಟಿ ಹುಡುಗ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇತಮಂಗಲದ ಹತ್ತಿರ ಹಾದುಹೋಗುವುದರಿಂದ ಆ ಕಡೆ ಸೈಟು ತಗೊಳ್ಳೋ ಯೋಚನೆಯಲ್ಲಿದ್ದಾನೆ. "ತಗೊಳ್ಳಬಹುದಾ ತಂಬಿ? ನಮ್ಮಪ್ಪ ತೋಡಿದ್ದೆಲ್ಲಾ ಕೆಳಗೆ ಹಂಗೇ ಇದೆ ಅಲ್ವಾ? ಅದರಲ್ಲಿ ಈಗ ನೀರು ತುಂಬಿದೆ ಅಂತಾರೆ. ಮೇಲಿನ ನೆಲ ನಿಲ್ಲುತ್ತಾ?"

ಸಿನಿಮಾ ನೋಡಿ ಕೆಜಿಎಫ್ ಅಂದರೆ ಯಶ್ ಅಂತ ಮಾತ್ರ ಗೊತ್ತಿರುವವರಿಗೆ ಈ ಪ್ರಶ್ನೆ ಹೊಳೆಯಲ್ಲ. ಎಂ.ಟೆಕ್ ಮಾಡಿದ ನನಗೂ ಹೊಳೆದಿರಲಿಲ್ಲ. ಉತ್ತರ ಕೊಡೋಕೆ ಇನ್ನೂರು ವರ್ಷ ಹಿಂದಕ್ಕೆ ಹೋಗಬೇಕು, ಹೋಗೋಣ.

ಗಣಿ ಅಂದರೆ ಮೊದಲು ಪಂಪು

1802ರಲ್ಲಿ ಜಾನ್ ವಾರೆನ್ ಎಂಬ ಬ್ರಿಟಿಷ್ ಸೇನೆಯ ಲೆಫ್ಟಿನೆಂಟ್ ಮೈಸೂರು ಸಂಸ್ಥಾನದ ಹೊಸ ಗಡಿಯ ಸರ್ವೆ ಮಾಡುತ್ತಾ ಕೋಲಾರದ ಕಡೆ ಬಂದ. ಟಿಪ್ಪು ಸತ್ತು ಮೂರು ವರ್ಷ ಆಗಿತ್ತು. ಇಲ್ಲಿನ ಮಣ್ಣಿನಲ್ಲಿ ಚಿನ್ನ ಸಿಗುತ್ತದೆ ಎಂಬ ಮಾತು ಕಿವಿಗೆ ಬಿತ್ತು. ಬಹುಮಾನ ಕೊಡ್ತೀನಿ ಅಂದಾಗ ಊರಿಗಾಂ ಸುತ್ತಲಿನ ಹಳ್ಳಿಯವರು ಎತ್ತಿನ ಗಾಡಿಯಲ್ಲಿ ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಕಣ ತೋರಿಸಿದರು. ಮಾರಿಕುಪ್ಪಂ ಕಡೆ ಜನ ಗುಂಡಿ ತೋಡಿ ಕೆಳಗಿಳಿದು ಅಗೆಯುತ್ತಿದ್ದುದನ್ನೂ ಆತ ನೋಡಿದ. ಮುಂದೆ ಕೆಲವು ದಶಕ ಆ ಹಳೆ ಗುಂಡಿಗಳಲ್ಲಿ ಒಂದಿಷ್ಟು ಪ್ರಯತ್ನಗಳು ನಡೆದವು, ಅವಘಡಗಳೂ ಆದವು. ಕೊನೆಗೆ 1859ರಲ್ಲಿ ನೆಲದೊಳಗಿನ ಅಗೆತವನ್ನೇ ನಿಷೇಧಿಸಿದರು. ಅಂದರೆ ಕೋಲಾರದಲ್ಲಿ ಕುಸಿತದ ಇತಿಹಾಸ ಕಂಪನಿ ಗಣಿಗಿಂತ ಹಳೆಯದು.

ವಾರೆನ್ ಬರೆದಿದ್ದನ್ನು 1871ರಲ್ಲಿ ಓದಿ ಬೆನ್ನು ಹತ್ತಿದವನು ಮೈಕೇಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್. ಬೆಂಗಳೂರಿನ ಲ್ಯಾವೆಲ್ ರಸ್ತೆಯಲ್ಲಿ ಕಾಫಿ ಕುಡಿದವರು ಅವನ ಹೆಸರನ್ನು ನೂರು ಸಲ ಹೇಳಿರ್ತೀರಿ. ಅವನ ಹತ್ತಿರ ಹುಮ್ಮಸ್ಸಿತ್ತು, ಹಣ ಇರಲಿಲ್ಲ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟ ಮೇಲೆ ಕಥೆ ಬದಲಾಯಿತು. ಆ ಕಂಪನಿಯ ಜೊತೆ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತ್ಯದ ಅನುಭವಿ ಗಣಿಗಾರರು ಬಂದರು. ಕೂಲಿಗಳಾಗಿ ಬಂದವರು ಹೆಚ್ಚಾಗಿ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯವರು. ನಮ್ಮ ಅಂಕಲ್ ಅವರ ಮುತ್ತಾತನೂ ಹಾಗೇ ಬಂದವರು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಕಾರ್ನ್‌ವಾಲ್‌ನವರಿಗೆ ಅಂಥ ಬೇಡಿಕೆ ಯಾಕೆ? ಅಗೆಯುವುದು ಎಲ್ಲರಿಗೂ ಗೊತ್ತು. ನೀರನ್ನು ಹೊರಗೆ ಹಾಕುವುದು ಅವರಿಗೆ ಗೊತ್ತಿತ್ತು. ಬಾವಿ ತೋಡಿದವರಿಗೆ ಅರ್ಥವಾಗುತ್ತೆ: ನೀರಿನ ಮಟ್ಟ ಸಿಕ್ಕ ಮೇಲೆ ಪ್ರತಿ ಅಡಿಗೂ ಮೊದಲು ನೀರು ಎತ್ತಬೇಕು, ಆಮೇಲೆ ಅಗೆಯಬೇಕು. ಪಂಪ್ ಇಲ್ಲದ ಕಾಲದಲ್ಲಿ ಗಣಿ ಎಷ್ಟು ಆಳ ಹೋಗಬೇಕು ಅಂತ ನಿರ್ಧರಿಸುತ್ತಿದ್ದದ್ದು ನೀರು. 1712ರಲ್ಲಿ ನ್ಯೂಕಾಮೆನ್ ಉಗಿ ಯಂತ್ರ ಮಾಡಿದ್ದೇ ಗಣಿಯ ನೀರೆತ್ತಲು. ರೈಲು, ಗಿರಣಿ ಎಲ್ಲ ಆಮೇಲೆ ಬಂದವು. ಕೈಗಾರಿಕಾ ಕ್ರಾಂತಿ ಅನ್ನೋದು ಒಂದು ರೀತಿಯಲ್ಲಿ ಗಣಿ ಪಂಪಿನ ಕಥೆ.

ಕೋಲಾರದಲ್ಲೂ ಅಷ್ಟೇ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿ.ಮೀ. ದೂರದ ಕೆಜಿಎಫ್‌ಗೆ ವಿದ್ಯುತ್ ಬಂತು. ಬೆಂಗಳೂರಿನ ಬೀದಿ ದೀಪಕ್ಕಿಂತ ಮೊದಲು ಗಣಿಯ ಯಂತ್ರಗಳಿಗೆ ಕರೆಂಟು. ಇನ್ನೊಂದು ಕಡೆ, ಗಣಿ ಊರಿಗೆ ಕುಡಿಯುವ ನೀರು ಬೇಕಾಯಿತು. ಅದಕ್ಕೆ ಪಾಲಾರ್ ನದಿಯ ಬೇತಮಂಗಲ ಕೆರೆಯಿಂದ ಕೊಳವೆ ಎಳೆದರು. ವಿಚಿತ್ರ ನೋಡಿ: ಕಾಲ ಕೆಳಗಿನ ನೀರನ್ನು ಪಂಪ್ ಮಾಡಿ ಹೊರಗೆ ಚೆಲ್ಲಬೇಕು, ಕುಡಿಯೋ ನೀರು ಮೈಲುಗಟ್ಟಲೆ ದೂರದಿಂದ ಬರಬೇಕು. ಆ ಪಾಲಾರ್ ಮುಂದೆ ಆಂಧ್ರ ದಾಟಿ, ವಾಣಿಯಂಬಾಡಿ, ವೆಲ್ಲೂರು, ಕಾಂಚೀಪುರದ ಪಕ್ಕ ಹರಿದು, ಚೆನ್ನೈಗೆ ಸ್ವಲ್ಪ ದಕ್ಷಿಣದಲ್ಲಿ ಸಮುದ್ರ ಸೇರುತ್ತದೆ. ಕೋಲಾರದವರು ಚೆನ್ನೈಗೆ ಬಂದ ದಾರಿಯೂ ಹೆಚ್ಚುಕಡಿಮೆ ಅದೇ.

ಮೂರು ಕಿಲೋಮೀಟರ್ ಕೆಳಗೆ

ಗಣಿ ಆಳ ಹೋಗುತ್ತಲೇ ಇತ್ತು. ಚಾಂಪಿಯನ್ ರೀಫ್ ಗಣಿ ಕೊನೆಗೆ ಸುಮಾರು 3.2 ಕಿ.ಮೀ. ಆಳಕ್ಕೆ ಇಳಿಯಿತು. ನೆಲದೊಳಗಿನ ದಾರಿಗಳನ್ನೆಲ್ಲ ಸೇರಿಸಿದರೆ ಸಾವಿರ ಕಿಲೋಮೀಟರಿಗೂ ಹೆಚ್ಚು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅಷ್ಟು ಆಳ ಇದ್ದದ್ದಕ್ಕೇ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್, ಬ್ರಿಟನ್‌ನವರ ಜೊತೆ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಗುರುತನ್ನು ಅಲ್ಲಿ ಹಿಡಿದರು.

ಆ ಆಳದಲ್ಲಿ ಭಾರ ಎಷ್ಟು? ಬಂಡೆ ನೀರಿಗಿಂತ ಸುಮಾರು 2.8 ಪಟ್ಟು ತೂಕ. ಮೂರು ಕಿಲೋಮೀಟರ್ ಬಂಡೆ ಮೇಲೆ ಕೂತರೆ ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 840 ಕೆ.ಜಿ. ಅಂದರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಸಣ್ಣ ಕಾರು. ಅದಿರು ತೆಗೆದು ಒಂದು ಖಾಲಿ ಜಾಗ ಮಾಡಿದರೆ, ಅಲ್ಲಿದ್ದ ಬಂಡೆ ಹೊರುತ್ತಿದ್ದ ಭಾರ ಮಾಯವಾಗಲ್ಲ. ಪಕ್ಕದ ಬಂಡೆಯ ತಲೆಗೆ ಬೀಳುತ್ತೆ. ತಂಡದಲ್ಲಿ ಇಬ್ಬರು ಕೆಲಸ ಬಿಟ್ಟರೆ ಅವರ ಟಿಕೆಟ್‌ಗಳು ಯಾರ ತಲೆಗೆ ಬರುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಪಕ್ಕದ ಬಂಡೆ ತಡೆದಷ್ಟು ದಿನ ತಡೆದು, ಒಂದು ದಿನ ಸಿಡಿಯುತ್ತೆ. ಪುಸ್ತಕದಲ್ಲಿ ಇದಕ್ಕೆ ರಾಕ್ ಬರ್ಸ್ಟ್ ಅನ್ನುತ್ತಾರೆ. ಕೆಜಿಎಫ್ ಜನರ ಬಾಯಲ್ಲಿ ಏರ್ ಬ್ಲಾಸ್ಟ್.

ಗಣಿಯವರು ಸುಮ್ಮನಿರಲಿಲ್ಲ. ಖಾಲಿ ಜಾಗಗಳಿಗೆ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟಿ ಆನಿಸಿದರು, ಆಮೇಲೆ ಕಾಂಕ್ರೀಟ್ ತುಂಬಿದರು. ಆದರೂ 1962ರಲ್ಲಿ, ಮತ್ತೆ 1971ರ ಡಿಸೆಂಬರ್ ಕೊನೆಯಲ್ಲಿ, ಚಾಂಪಿಯನ್ ರೀಫ್‌ನಲ್ಲಿ ದೊಡ್ಡ ಸಿಡಿತಗಳಾದವು. 1971ರದ್ದು ರಿಕ್ಟರ್ ಮಾಪನದಲ್ಲಿ 5ರ ಆಸುಪಾಸು. ಮೇಲಿನ ಕಟ್ಟಡಗಳಿಗೂ ಹಾನಿಯಾಯಿತು. ಅಂಕಲ್‌ಗೆ ಅದು ಚೆನ್ನಾಗಿ ನೆನಪಿದೆ. ಕ್ರಿಸ್‌ಮಸ್‌ಗೆ ಬಿಳಿಸಿದ್ದ ಸುಣ್ಣ ಗೋಡೆಯಿಂದ ಹಾಳೆ ಹಾಳೆಯಾಗಿ ಉದುರಿತ್ತಂತೆ.

ಈ ಅನುಭವದಿಂದಲೇ 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಕೆಜಿಎಫ್‌ನಲ್ಲೇ ಶುರುವಾಯಿತು. ಸುರಂಗ, ಅಣೆಕಟ್ಟು, ಗಣಿ ಅಂತ ದೇಶದಲ್ಲಿ ಎಲ್ಲೇ ಬಂಡೆಯ ಪ್ರಶ್ನೆ ಬಂದರೂ ಕರೆಯುವುದು ಈ ಸಂಸ್ಥೆಯನ್ನು.

ನೆಲ ಹೇಗೆ ಕುಸಿಯುತ್ತೆ?

ಈಗ ಅಂಕಲ್ ಪ್ರಶ್ನೆಯ ಮೊದಲ ಭಾಗ. ಮೂರು ಕಿಲೋಮೀಟರ್ ಕೆಳಗೆ ಒಂದು ಗುಹೆ ಕುಸಿದರೆ ಮೇಲೆ ಸೈಟಿನಲ್ಲಿ ಗುಂಡಿ ಬೀಳುತ್ತಾ?

ಸಾಮಾನ್ಯವಾಗಿ ಇಲ್ಲ. ಕಾರಣ ತಿಳಿಯೋಕೆ ಒಂದು ಗಟ್ಟಿ ಮೈಸೂರು ಪಾಕ್ ತಗೊಂಡು ಪುಡಿ ಮಾಡಿ, ಮತ್ತೆ ಅದೇ ಡಬ್ಬಿಗೆ ತುಂಬಿ ನೋಡಿ. ತುಂಬಲ್ಲ, ಉಕ್ಕುತ್ತೆ. ಬಂಡೆಯೂ ಹಾಗೇ. ಒಡೆದ ಬಂಡೆ ಹೆಚ್ಚು ಜಾಗ ತಿನ್ನುತ್ತೆ. ಸುಮಾರು ಕಾಲು ಭಾಗ ಹಿಗ್ಗುತ್ತೆ ಅಂತ ಇಟ್ಟುಕೊಳ್ಳಿ. ಎರಡು ಮೀಟರ್ ಎತ್ತರದ ಖಾಲಿ ಜಾಗದ ಛಾವಣಿ ಉದುರತೊಡಗಿದರೆ, ಎಂಟು ಮೀಟರ್ ಉದುರುವಷ್ಟರಲ್ಲಿ ಆ ಪುಡಿಯೇ ಜಾಗವನ್ನೆಲ್ಲ ತುಂಬಿ ಮೇಲಿನ ಛಾವಣಿಗೆ ಆಸರೆಯಾಗುತ್ತೆ. ಕುಸಿತ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುತ್ತೆ.

ಎರಡು ಸಂದರ್ಭದಲ್ಲಿ ಈ ಲೆಕ್ಕ ಕೆಡುತ್ತೆ. ಒಂದು, ಖಾಲಿ ಜಾಗ ನೆಲಕ್ಕೆ ತೀರಾ ಹತ್ತಿರ ಇದ್ದರೆ. ತುಂಬಿಕೊಳ್ಳುವ ಮೊದಲೇ ಕುಸಿತ ನೆಲ ಮುಟ್ಟುತ್ತೆ. ಎರಡು, ಅದಿರಿನ ಪದರ ಮಲಗಿರದೆ ನಿಂತಿದ್ದರೆ. ಕೋಲಾರದ ರೀಫ್ ಹಾಗೇ. ನೆಲದ ಹತ್ತಿರ ಪಶ್ಚಿಮಕ್ಕೆ ಓರೆಯಾಗಿ ಇಳಿದು, ಆಳದಲ್ಲಿ ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತೆ. ಒಡೆದ ಬಂಡೆ ಅಲ್ಲೇ ಕೂರದೆ ಕೆಳಕ್ಕೆ ಜಾರಿ ಹೋಗುತ್ತೆ, ಮೇಲೆ ಮತ್ತೆ ಖಾಲಿ. ಹಾಗಾಗಿ ಕೋಲಾರದಲ್ಲಿ ಕುಸಿತಕ್ಕೆ ಹೆದರಬೇಕಾದ ಜಾಗ ಯಾವುದು ಅಂದರೆ, ರೀಫ್ ನೆಲಕ್ಕೆ ಬಂದು ತಲೆ ತೋರಿಸುವ ಆ ಉತ್ತರ-ದಕ್ಷಿಣ ಪಟ್ಟಿ, ಹಳೆ ಶಾಫ್ಟ್‌ಗಳ ಬಾಯಿ, ಕಂಪನಿಗೂ ಹಿಂದಿನವರು ತೋಡಿದ ಗುಂಡಿಗಳು. ಬಾಲಾಘಾಟ್, ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಅಂತ ಗಣಿಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿ ಇದ್ದದ್ದು ಆ ಪಟ್ಟಿಯ ಮೇಲೇ.

ಕಲ್ಲಿದ್ದಲು ಗಣಿಯ ಕಥೆ ಬೇರೆ. ಅಲ್ಲಿ ಪದರ ಹಾಸಿಗೆಯಂತೆ ಮಲಗಿರುತ್ತೆ, ವಿಶಾಲವಾಗಿ ತೆಗೆದರೆ ಮೇಲಿನ ನೆಲ ತಟ್ಟೆಯಂತೆ ತಗ್ಗುತ್ತೆ. ಝರಿಯಾ, ರಾಣಿಗಂಜ್ ಕಡೆ ಊರೂರೇ ಬೇರೆ ಕಡೆ ಕಳಿಸಬೇಕಾಗಿ ಬಂದಿದ್ದು ಇದಕ್ಕೆ, ಜೊತೆಗೆ ಒಳಗೆ ಉರಿಯುವ ಬೆಂಕಿಗೆ.

ನೀರು ಎರಡು ಸಲ ಬರುತ್ತೆ

ಕುಸಿತವನ್ನು ಗುಂಡಿ ಅಂತಷ್ಟೇ ನೋಡಿದರೆ ಅರ್ಧ ಕಥೆ ತಪ್ಪುತ್ತೆ. ನೀರು ಈ ಕಥೆಯಲ್ಲಿ ಎರಡು ಸಲ ಬರುತ್ತೆ. ಗಣಿ ಬದುಕಿರುವಾಗ ಒಂದು ಸಲ, ಸತ್ತ ಮೇಲೆ ಇನ್ನೊಂದು ಸಲ.

ಗಣಿ ಬದುಕಿರುವಾಗ ಪಂಪ್ ಓಡುತ್ತೆ. ಸುತ್ತಲಿನ ಅಂತರ್ಜಲ ಬಾವಿಯ ಕಡೆ ಇಳಿದ ಹಾಗೆ ಗಣಿಯ ಕಡೆ ಇಳಿಯುತ್ತೆ. ಛಾವಣಿ ಬಿರಿದರೆ ಆ ಬಿರುಕು ಮೇಲಿನ ನೀರಿನ ಪದರಕ್ಕೂ ಕೆಳಗಿನ ಖಾಲಿಗೂ ದಾರಿಯಾಗುತ್ತೆ. ನಿನ್ನೆವರೆಗೆ ನೀರಿದ್ದ ಬಾವಿ ಇವತ್ತು ಬರಿದು. ಇದರ ಅತಿ ಘೋರ ಉದಾಹರಣೆ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗ್ ಪಶ್ಚಿಮಕ್ಕಿರುವ ಚಿನ್ನದ ಗಣಿಗಳದ್ದು. ಅಲ್ಲಿ ಗಣಿಯ ಮೇಲೆ ಸುಣ್ಣಕಲ್ಲಿನ ಜಾತಿಯ ಡೋಲೋಮೈಟ್ ಬಂಡೆ. ಅದರೊಳಗೆ ಸಹಜವಾಗಿ ಗುಹೆಗಳು, ಗುಹೆ ತುಂಬ ನೀರು. ಗಣಿಗೆ ಬೇಕು ಅಂತ ಆ ನೀರನ್ನೆಲ್ಲ ಪಂಪ್ ಮಾಡಿ ತೆಗೆದರು. ಮೇಲಿದ್ದ ಮಣ್ಣು ಖಾಲಿ ಗುಹೆಗಳೊಳಗೆ ಜಾರತೊಡಗಿತು. 1962ರ ಡಿಸೆಂಬರ್‌ನಲ್ಲಿ ವೆಸ್ಟ್ ಡ್ರೀಫಾಂಟೀನ್ ಗಣಿಯ ಅದಿರು ಒಡೆಯುವ ಘಟಕ ಇಡೀ ಕಟ್ಟಡವೇ ನೆಲದೊಳಗೆ ಹೋಯಿತು. 29 ಜನ ಸತ್ತರು. ಗಣಿ ಕುಸಿದಿರಲಿಲ್ಲ. ನೀರು ಕೊಡುತ್ತಿದ್ದ ಆಸರೆಯನ್ನು ತೆಗೆದಿದ್ದರು, ಅಷ್ಟೇ.

ಹೌದು, ನೀರೂ ಒಂದು ಆಸರೆ. ಕಾರ್ಲ್ ಟೆರ್ಜಾಗಿ 1920ರ ದಶಕದಲ್ಲಿ ತೋರಿಸಿಕೊಟ್ಟ ವಿಷಯ ಇದು, ನಮ್ಮ ವಿಭಾಗದಲ್ಲಿ ಮೊದಲ ವಾರದ ಪಾಠ. ನೆನೆದ ಮಣ್ಣಿನಲ್ಲಿ ಮೇಲಿನ ಭಾರವನ್ನು ಕಣಗಳೂ ಹೊರುತ್ತವೆ, ಕಣಗಳ ಮಧ್ಯದ ನೀರೂ ಒತ್ತಡದಿಂದ ಹೊರುತ್ತೆ. ನೀರು ತೆಗೆದರೆ ಎಲ್ಲ ಭಾರ ಕಣಗಳ ಮೇಲೆ. ಜೇಡಿಮಣ್ಣಾದರೆ ಒತ್ತಿಕೊಂಡು ಕುಗ್ಗುತ್ತೆ. ಜಕಾರ್ತಾ, ಮೆಕ್ಸಿಕೋ ಸಿಟಿ ಇಂಚು ಇಂಚಾಗಿ ಇಳಿಯುತ್ತಿರುವುದು ಹೀಗೆ, ಅಲ್ಲಿ ಗಣಿ ಇಲ್ಲದಿದ್ದರೂ. ಕೋಲಾರದ್ದು ಗಟ್ಟಿ ಬಂಡೆ. ಅಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟಿದರೂ ಜಕಾರ್ತಾದಂತೆ ಊರು ಕುಗ್ಗಲ್ಲ. ಬಾಯಾರಿಕೆ ಮಾತ್ರ ಹೆಚ್ಚುತ್ತೆ.

ಗಣಿ ಬದುಕಿರುವಾಗ ಪಂಪ್ ಎಂಥ ಕೆಲಸ ಮಾಡುತ್ತೆ ಅಂತ ನೋಡಬೇಕಾದರೆ ನಾವು ಚೆನ್ನೈನವರು ನೈವೇಲಿಗೆ ಹೋದರೆ ಸಾಕು, ಸುಮಾರು 200 ಕಿ.ಮೀ. ಅಲ್ಲಿ ಲಿಗ್ನೈಟ್ ಪದರದ ಕೆಳಗೆ ಒತ್ತಡದಲ್ಲಿರುವ ನೀರಿನ ಪದರ ಇದೆ. ಮೇಲಿನ ಮಣ್ಣು ತೆಗೆದರೆ ಭಾರ ಕಡಿಮೆಯಾಗಿ, ಕೆಳಗಿನ ನೀರು ಗಣಿಯ ತಳವನ್ನೇ ಮೇಲಕ್ಕೆತ್ತಿ ಒಡೆದುಬಿಡಬಹುದು. ಅದಕ್ಕೆ ಹಗಲು ರಾತ್ರಿ ಪಂಪ್ ಮಾಡಿ ಆ ಒತ್ತಡ ಇಳಿಸುತ್ತಲೇ ಇರಬೇಕು. ಕರೆಂಟ್ ಬರಲಿ ಅಂತ ಗಣಿ, ಗಣಿ ಉಳಿಯಲಿ ಅಂತ ಪಂಪು.

2001ರ ಫೆಬ್ರವರಿ 28

ಕೋಲಾರದ ಗಣಿಗಳನ್ನು ಮೈಸೂರು ಸರ್ಕಾರ 1956ರಲ್ಲಿ ವಹಿಸಿಕೊಂಡಿತು. 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಕಂಪನಿ ಆಯಿತು. ಅಷ್ಟರಲ್ಲಿ ಅದಿರಿನಲ್ಲಿ ಚಿನ್ನ ಕಡಿಮೆ, ಆಳದ ಖರ್ಚು ಜಾಸ್ತಿ. ಸುಮಾರು 120 ವರ್ಷದಲ್ಲಿ ಹತ್ತಿರ ಹತ್ತಿರ 800 ಟನ್ ಚಿನ್ನ ಕೊಟ್ಟ ಮೇಲೆ, 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಒಂದು ಕಾಲಕ್ಕೆ 30,000ದಷ್ಟು ಜನ ದುಡಿದ ಜಾಗದಲ್ಲಿ ಆ ದಿನ ಉಳಿದಿದ್ದವರು ಮೂರು ಸಾವಿರದ ಆಚೀಚೆ. ಅವರ ಮಕ್ಕಳಲ್ಲಿ ಎಷ್ಟೋ ಜನ ಇವತ್ತಿಗೂ ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರುತ್ತಾರೆ.

ಗಣಿ ಮುಚ್ಚಿದರೆ ಪಂಪೂ ನಿಲ್ಲುತ್ತೆ. ಪಂಪ್ ನಿಂತರೆ ನೀರು ತನ್ನ ಹಳೆ ಜಾಗಕ್ಕೆ ವಾಪಸ್ ಹೊರಡುತ್ತೆ. ವರ್ಷಗಟ್ಟಲೆ ನಿಧಾನವಾಗಿ ಹಂತ ಹಂತವಾಗಿ ಏರುತ್ತೆ. ಪ್ರತಿ ಹತ್ತು ಮೀಟರ್ ನೀರಿಗೆ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ. ಒತ್ತಡ. ಅಂದರೆ 3.2 ಕಿ.ಮೀ. ಗಣಿ ಮೇಲಿನವರೆಗೆ ತುಂಬಿದರೆ ತಳದಲ್ಲಿ 320 ಕೆ.ಜಿ. ಬಂಡೆಯ ಬಿರುಕಿನ ಎರಡು ಮುಖ ಒಂದಕ್ಕೊಂದು ಒತ್ತಿಕೊಂಡು ಜಾರದೆ ನಿಂತಿರುತ್ತವೆ. ಆ ಒತ್ತಡದ ನೀರು ಮಧ್ಯೆ ನುಗ್ಗಿದರೆ ಹಿಡಿತ ಸಡಿಲವಾಗಿ ಬಂಡೆ ಜಾರುತ್ತೆ. ಅದೇ ಟೆರ್ಜಾಗಿ ಪಾಠ, ಈ ಸಲ ತಿರುಗುಮುರುಗು. ಮುಚ್ಚಿದ ಗಣಿಯಲ್ಲಿ ನೀರು ತುಂಬುತ್ತಾ ಬಂದ ವರ್ಷಗಳಲ್ಲಿ ಕೆಜಿಎಫ್‌ನಲ್ಲಿ ಕಂಪನಗಳು ದಾಖಲಾದವು. ಅದೇ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ನೀರಿನ ಏರಿಕೆಗೂ ಕಂಪನಕ್ಕೂ ಇರುವ ಸಂಬಂಧವನ್ನು ಅಧ್ಯಯನ ಮಾಡಿ ಬರೆದಿದ್ದಾರೆ. ಕೆಲಸ ಮಾಡುವವರು ಯಾರೂ ಕೆಳಗಿಲ್ಲ, ಏರ್ ಬ್ಲಾಸ್ಟ್ ಮಾತ್ರ ನಿಂತಿಲ್ಲ!

ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಪ್ರಾಜೆಕ್ಟ್ ಮುಚ್ಚಿ ಟೀಮನ್ನು ಮನೆಗೆ ಕಳಿಸಿದರು. ಸರ್ವರ್ ಓಡ್ತಾನೇ ಇದೆ. ಅಲರ್ಟ್ ಮೇಲ್ ಹೋಗೋದು ಕೆಲಸ ಬಿಟ್ಟವರ ಐಡಿಗೆ.

ಇನ್ನೊಂದು ಅಪಾಯ ನೀರಿನ ಗುಣದ್ದು. ಗಾಳಿ ಸೋಕಿದ ಗಂಧಕದ ಖನಿಜಗಳು ನೀರಿಗೆ ಸಿಕ್ಕರೆ ಆಮ್ಲ ಆಗುತ್ತವೆ, ಆಮ್ಲ ಬಂಡೆಯಿಂದ ಲೋಹಗಳನ್ನು ಬಿಡಿಸುತ್ತೆ. ಕೋಲಾರದಂಥ ಬರದ ಜಿಲ್ಲೆಯಲ್ಲಿ ಇಷ್ಟೊಂದು ನೀರು ಕೆಳಗೆ ನಿಂತಿದೆಯಲ್ಲ, ಎತ್ತಿ ಕುಡಿಯಬಾರದಾ ಅಂತ ಕಾಮೆಂಟಿನಲ್ಲಿ ಕೆಲವರು ಕೇಳಿದ್ದೀರಿ. ಪರೀಕ್ಷೆ ಮಾಡದೆ ಒಂದು ಲೋಟವೂ ಬೇಡ. ಇದರ ಮೇಲೆ ಊರ ಸುತ್ತ 13 ಸೈನೈಡ್ ಗುಡ್ಡಗಳು: ಅದಿರಿನಿಂದ ಚಿನ್ನ ತೆಗೆದ ಮೇಲೆ ಉಳಿದ, ಸುಮಾರು 3.3 ಕೋಟಿ ಟನ್ ಪುಡಿ. ಗಾಳಿ ಬಂದರೆ ಮನೆಯೊಳಗೆ, ಮಳೆ ಬಂದರೆ ಮಣ್ಣೊಳಗೆ. ಈ ಗುಡ್ಡಗಳಿಂದ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾಪಕ್ಕೆ 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಒಪ್ಪಿದೆ. ಅದು ಮೇಲಿನ ಪುಡಿಯ ಕೆಲಸ, ಕೆಳಗಿನ ಗಣಿಗೆ ಇಳಿಯುವ ಮಾತು ಅದರಲ್ಲಿಲ್ಲ.

ಯಾವತ್ತಾದರೂ ಪಕ್ಕದಲ್ಲಿ ಹೊಸದಾಗಿ ಅಗೆಯಬೇಕು ಅಂತ ಯಾರಾದರೂ ಹೊರಟರೆ, ನೀರು ತುಂಬಿದ ಹಳೆ ಗಣಿಯೇ ಮೊದಲ ಶತ್ರು. 1975ರ ಡಿಸೆಂಬರ್ 27ರಂದು ಧನ್‌ಬಾದ್ ಹತ್ತಿರದ ಚಾಸ್ನಾಲಾ ಕಲ್ಲಿದ್ದಲು ಗಣಿಯಲ್ಲಿ ಆದದ್ದು ಅದು. ಮೇಲೆ ಹಳೆ ಅಗೆತದಲ್ಲಿ ನಿಂತಿದ್ದ ನೀರು ತಡೆ ಒಡೆದು ಕೆಳಗೆ ಕೆಲಸ ಮಾಡುತ್ತಿದ್ದವರ ಮೇಲೆ ನುಗ್ಗಿತು. 370ಕ್ಕೂ ಹೆಚ್ಚು ಜನ ಸತ್ತರು. ಹಳೆ ನಕ್ಷೆ ಸರಿಯಾಗಿ ಇಟ್ಟುಕೊಳ್ಳುವುದು ಗುಮಾಸ್ತರ ಕೆಲಸ ಅಂತ ಅನ್ನಿಸಿದರೆ ಈ ಸಂಖ್ಯೆ ನೆನಪಿಟ್ಟುಕೊಳ್ಳಿ.

ಎರಡು ವರ್ಷದ ಅಂತರ

ಈ ವಿಷಯ ಓದುತ್ತಾ ನನಗೆ ತುಂಬ ಕಾಡಿದ್ದು ಒಂದು ದಿನಾಂಕ. ಭಾರತದಲ್ಲಿ ಗಣಿ ಶುರು ಮಾಡುವವರು ಅದನ್ನು ಮುಚ್ಚುವ ಯೋಜನೆಯನ್ನೂ ಕೊಡಬೇಕು, ಅದಕ್ಕೆ ಹಣದ ಖಾತರಿ ಇಡಬೇಕು ಅಂತ ಖನಿಜ ನಿಯಮಗಳಿಗೆ ತಿದ್ದುಪಡಿ ಬಂದಿದ್ದು 2003ರಲ್ಲಿ. ಕೋಲಾರ ಮುಚ್ಚಿದ್ದು 2001ರಲ್ಲಿ. ದೇಶದ ಅತಿ ಆಳದ ಗಣಿ, ಮುಚ್ಚುವ ನಿಯಮ ಹುಟ್ಟುವ ಎರಡು ವರ್ಷ ಮೊದಲೇ ಮುಚ್ಚಿತು. ನೀರು ಎಲ್ಲಿಯವರೆಗೆ ಏರಲಿ, ಯಾರು ಅಳೆಯಬೇಕು, ಎಷ್ಟು ವರ್ಷ, ಯಾರ ಖರ್ಚಿನಲ್ಲಿ? ಇವೆಲ್ಲ ಗಣಿ ಲಾಭದಲ್ಲಿದ್ದಾಗಲೇ ಬರೆದಿಡಬೇಕಾದ ಪ್ರಶ್ನೆಗಳು. 1880ರಲ್ಲಿ ಯಾರೂ ಕೇಳಲಿಲ್ಲ. 1956ರಲ್ಲೂ ಕೇಳಲಿಲ್ಲ.

ರಾಯಚೂರಿನ ಹಟ್ಟಿ ಚಿನ್ನದ ಗಣಿ ಇನ್ನೂ ಬದುಕಿದೆ, ಇಳಿಯುತ್ತಿದೆ. ಅಲ್ಲಿಗೆ ಈ ಪ್ರಶ್ನೆ ಕೇಳೋಕೆ ಇನ್ನೂ ಸಮಯ ಇದೆ.

ಅಂಕಲ್‌ಗೆ ಕೊಟ್ಟ ಉತ್ತರ

ಮೊಮ್ಮಗನ ಸೈಟಿನ ವಿಷಯಕ್ಕೆ ನಾನು ಹೇಳಿದ್ದು ಇಷ್ಟು. ಬೇತಮಂಗಲದ ಕಡೆ, ರೀಫ್ ಪಟ್ಟಿಯಿಂದ ಕೆಲವು ಕಿಲೋಮೀಟರ್ ಪೂರ್ವಕ್ಕಿದ್ದರೆ ಕೆಳಗೆ ಗಣಿ ಇಲ್ಲ, ರೀಫ್ ಇಳಿಯುವುದು ಪಶ್ಚಿಮಕ್ಕೆ. ನೆಲ ಬಾಯಿ ಬಿಡುತ್ತೆ ಅನ್ನುವ ಭಯ ಬೇಡ. ರೀಫ್ ಪಟ್ಟಿಯ ಮೇಲೆ ಅಥವಾ ಹಳೆ ಶಾಫ್ಟ್ ಪಕ್ಕ ಯಾರಾದರೂ ಅಗ್ಗಕ್ಕೆ ಕೊಡ್ತೀನಿ ಅಂದರೆ ಮುಟ್ಟಬೇಡಿ. ಮಧ್ಯದಲ್ಲೆಲ್ಲೋ ಇದ್ದರೆ ಬ್ರೋಕರ್ ಮಾತಿನ ಮೇಲೆ ಹೋಗದೆ ಗಣಿಯ ಹಳೆ ನಕ್ಷೆಯ ಮೇಲೆ ಸರ್ವೆ ನಂಬರ್ ಎಲ್ಲಿ ಬೀಳುತ್ತೆ ಅಂತ ಗೊತ್ತಿರುವವರಿಂದ ನೋಡಿಸಿ. ಕಂಪನ ತಡೆಯುವ ಹಾಗೆ ಮನೆ ಕಟ್ಟಿಸಿ. ಬೋರ್ ನೀರನ್ನು ಫ್ಲೋರೈಡಿಗೂ ಲೋಹಗಳಿಗೂ ಪರೀಕ್ಷೆ ಮಾಡಿಸಿ. ರಿಜಿಸ್ಟ್ರೇಷನ್‌ಗಿಂತ ಮೊದಲು, ಆಮೇಲಲ್ಲ.

ಅಂಕಲ್ ಕೇಳಿಸಿಕೊಂಡರು. "ಸೈಟು ಬಿಡಿ ತಂಬಿ, ಅವನು ತಗೊಂಡ್ರೂ ಅಲ್ಲಿ ಹೋಗಿ ಇರಲ್ಲ" ಅಂದರು. "ನಮ್ಮಕ್ಕ ಇನ್ನೂ ಮಾರಿಕುಪ್ಪಂ ಲೈನ್ ಮನೇಲೇ ಇದಾರೆ. ಅವ್ರಿಗೇನು ಹೇಳಲಿ?"

ಇದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಸೈಟು ಬೇಡ ಅನ್ನಬಹುದು, ಎಂಬತ್ತರ ಹತ್ತಿರದ ಅಕ್ಕನಿಗೆ ಹುಟ್ಟಿದ ಊರು ಬೇಡ ಅನ್ನೋಕಾಗಲ್ಲ. ಆ ಮನೆಯ ಬಿರುಕಿನ ಮೇಲೂ ಒಂದು ಪಟ್ಟಿ ಅಂಟಿಸಿ ಬನ್ನಿ, ನೀವು ಹೋದಾಗಲೆಲ್ಲ ಫೋಟೋ ತೆಗೆದು ನನಗೆ ಕಳಿಸಿ, ನಾನು ನೋಡಿ ಹೇಳ್ತೀನಿ ಅಂದೆ. ಪೊಂಗಲ್‌ಗೆ ಊರಿಗೆ ಹೋದವರು ನಿಜಕ್ಕೂ ಅಂಟಿಸಿ ಬಂದರು. ಮೊದಲ ಫೋಟೋ ನನ್ನ ಫೋನಿನಲ್ಲಿದೆ. ಗೆರೆ ಸೊನ್ನೆಯಲ್ಲಿದೆ. ಪಟ್ಟಿ ಸಿಗೋದು ಸುಲಭ, ನೂರಿನ್ನೂರು ರೂಪಾಯಿ. ತಪ್ಪದೆ ಬಂದು ಓದುವವರು ಬೇಕು, ಗೋಡೆಗೂ ಅಷ್ಟೇ, ಗಣಿಗೂ ಅಷ್ಟೇ.

ನಿಮ್ಮ ಮನೆಯಲ್ಲಿ ಕೆಜಿಎಫ್‌ನವರು, ಹಟ್ಟಿಯವರು ಇದ್ದರೆ, ಅಪ್ಪ ತಾತ ಹೇಳಿದ ಏರ್ ಬ್ಲಾಸ್ಟ್ ನೆನಪುಗಳಿದ್ದರೆ ಕೆಳಗೆ ಬರೆಯಿರಿ. ವರ್ಷ, ಯಾವ ಲೈನು, ಏನು ಬಿತ್ತು ಅಂತ ಬರೆದರೂ ಸಾಕು. ಮುಂದಿನ ವಾರ ಪಾಲಾರ್ ಜೊತೆ ನಂದಿಬೆಟ್ಟದಿಂದ ಸಮುದ್ರದವರೆಗೆ ಹೋಗೋಣ.